ಜತ್ತದ ಜೋಳ, ಜಿನೀವಾದ ಅಳತೆಗೋಲು

ರೈತರಿಂದ ಯಾವ ದರಕ್ಕೆ ಧಾನ್ಯ ಕೊಳ್ಳಬೇಕು, ಹೊರಗಿನಿಂದ ಬರುವ ಎಣ್ಣೆಗೂ ಬೇಳೆಗೂ ಎಷ್ಟು ಸುಂಕ ಹಾಕಬೇಕು, ಗೊಬ್ಬರಕ್ಕೂ ನೀರಿಗೂ ಎಷ್ಟು ನೆರವು ಕೊಡಬೇಕು ಎಂಬುದನ್ನು ಈಗ ಯಾವ ದೇಶವೂ ತಾನೊಂದೇ ಕೂತು ತೀರ್ಮಾನಿಸುವಂತಿಲ್ಲ. 1994ರಲ್ಲಿ ಮೊರಾಕ್ಕೋದ ಮರಾಕೇಶ್ ನಗರದಲ್ಲಿ ಸಹಿ ಬಿದ್ದು 1995ರ ಜನವರಿ 1ರಿಂದ ಜಾರಿಗೆ ಬಂದ ಕೃಷಿ ಒಪ್ಪಂದ ಇವಕ್ಕೆಲ್ಲ ಮಿತಿ ಹಾಕಿದೆ. ಒಪ್ಪಂದವನ್ನು ನೋಡಿಕೊಳ್ಳುವ ವಿಶ್ವ ವ್ಯಾಪಾರ ಸಂಸ್ಥೆ ಇರುವುದು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ. ಅಲ್ಲಿನ ನಿಯಮಗಳ ಪರಿಣಾಮ ಭಾರತದಂಥ ದೇಶದಲ್ಲಿ ಮೊದಲು ತಟ್ಟುವುದು ಮಳೆಯನ್ನೇ ನಂಬಿದ ಸೀಮೆಗಳಿಗೆ. ಬೆಳೆ ಕೈಕೊಟ್ಟ ವರ್ಷ ಅಲ್ಲಿನ ಬೆಳೆಗಾರನೇ ಧಾನ್ಯ ಕೊಳ್ಳುವವನೂ ಆಗಿಬಿಡುತ್ತಾನೆ. ಅವನಿಗೆ ಒಳ್ಳೆಯ ಬೆಲೆಯೂ ಬೇಕು, ಅಗ್ಗದ ಅನ್ನವೂ ಬೇಕು. ಬಡ ದೇಶಗಳ ಆಹಾರ ಭದ್ರತೆಯ ಇಡೀ ತೊಡಕು ಇಲ್ಲೇ ಇದೆ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪೂರ್ವ ತುದಿಯ ಜತ್ತ ತಾಲ್ಲೂಕು ಅಂಥದೊಂದು ಸೀಮೆ. ಒಂದು ಕಡೆ ಬೆಳಗಾವಿ ಜಿಲ್ಲೆಯ ಅಥಣಿ, ಇನ್ನೊಂದು ಕಡೆ ವಿಜಯಪುರ ಜಿಲ್ಲೆ, ಉತ್ತರಕ್ಕೆ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ. ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತ 1948ರಲ್ಲಿ ಮುಂಬಯಿ ಪ್ರಾಂತದೊಳಗೆ ವಿಲೀನವಾಯಿತು. ಉಮದಿ, ಸಂಖ, ತಿಕ್ಕುಂಡಿ, ಗುಡ್ಡಾಪುರದ ಕಡೆ ಮನೆಮಾತು ಕನ್ನಡ. ಊರ ಶಾಲೆಗಳಲ್ಲೂ ಕನ್ನಡವಿದೆ. ಗುಡ್ಡಾಪುರದ ದಾನಮ್ಮದೇವಿಗೆ ನಡೆದುಕೊಳ್ಳುವ ಭಕ್ತರಲ್ಲಿ ದೊಡ್ಡ ಪಾಲು ಕರ್ನಾಟಕದವರದೇ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ನೆಲಕ್ಕೆ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಬಂದರೆ ಅದೇ ಪುಣ್ಯ. ಮುಂಗಾರಿಗೆ ಸಜ್ಜೆ, ತೊಗರಿ, ಹೆಸರು; ಹಿಂಗಾರಿಗೆ ಬಿಳಿಜೋಳ, ಕಡಲೆ. ಜೋಳದ ಕಾಳು ರೊಟ್ಟಿಗೆ, ಕಣಿಕೆ ದನಕ್ಕೆ. ಮಾಡಗ್ಯಾಳ ಎಂಬ ಊರಿನ ಹೆಸರು ಹೊತ್ತ ಕುರಿತಳಿ ಮಹಾರಾಷ್ಟ್ರ, ಕರ್ನಾಟಕಗಳೆರಡರಲ್ಲೂ ಹೆಸರುವಾಸಿ. ಕೊಳವೆಬಾವಿ ಕೈಹಿಡಿದ ಕಡೆ ದಾಳಿಂಬೆಯೂ ದ್ರಾಕ್ಷಿಯೂ ಬಂದಿವೆ. ನೀರಿಲ್ಲದ ಮನೆಗಳವರು ದೀಪಾವಳಿ ಕಳೆಯುತ್ತಲೇ ಕೃಷ್ಣೆಯ ದಂಡೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯಲು ಹೊರಡುತ್ತಾರೆ.

ಕಾಳು ಕೂಡಿಡುವುದು ಈ ಕಡೆಗೆ ಹೊಸತಲ್ಲ. ಸರ್ಕಾರಿ ಗೋದಾಮು ಬರುವ ಮೊದಲೇ ವಿಜಯಪುರ, ಜತ್ತ, ಸೊಲ್ಲಾಪುರದ ಕರಿಮಣ್ಣಿನ ಊರುಗಳಲ್ಲಿ ನೆಲದೊಳಗೆ ಹಗೆ ತೋಡಿ ಜೋಳ ತುಂಬಿಡುತ್ತಿದ್ದರು. ಒಂದು ಒಳ್ಳೆಯ ಸುಗ್ಗಿ ಎರಡು ಕೆಟ್ಟ ವರ್ಷ ದಾಟಿಸಬೇಕು ಎಂಬುದು ಅದರ ಲೆಕ್ಕ. 1970ರಿಂದ ಮೂರು ವರ್ಷ ಮೇಲಿಂದ ಮೇಲೆ ಮಳೆ ಹೋಗಿ 1972-73ರಲ್ಲಿ ಮಹಾರಾಷ್ಟ್ರವನ್ನು ಕಾಡಿದ ಬರಕ್ಕೆ ಆ ಲೆಕ್ಕವೂ ಸಾಲಲಿಲ್ಲ. ಸಾಂಗ್ಲಿ ಜಿಲ್ಲೆಯ ಒಣ ತಾಲ್ಲೂಕುಗಳೂ ಆ ಬರಕ್ಕೆ ಸಿಕ್ಕವು. ಅಮೆರಿಕದಿಂದ ಬಂದ ಕೆಂಪು ಮಿಲೋ ಜೋಳವನ್ನು ರೇಷನ್ ಅಂಗಡಿಯಲ್ಲಿ ಹಂಚಿದರು. ಆ ರೊಟ್ಟಿಯ ರುಚಿಗೆಟ್ಟ ನೆನಪು ಹಳಬರಲ್ಲಿ ಬಹುಕಾಲ ಉಳಿಯಿತು. ಬರ ಅಷ್ಟು ಭೀಕರವಾಗಿದ್ದರೂ ಜನ ಹಸಿದು ಸಾವಿರಗಟ್ಟಲೆ ಸಾಯುವ ಕ್ಷಾಮ ಆಗಲಿಲ್ಲ. 1973ರ ಮೇ ತಿಂಗಳಲ್ಲಿ ರಸ್ತೆ, ಕೆರೆ, ಒಡ್ಡಿನ ಕಾಮಗಾರಿಗಳ ಮೇಲೆ ರಾಜ್ಯದಲ್ಲಿ ಹೆಚ್ಚುಕಡಿಮೆ 50 ಲಕ್ಷ ಜನ ದುಡಿಯುತ್ತಿದ್ದರು. ಅರ್ಥಶಾಸ್ತ್ರಜ್ಞ ಜಾನ್ ಡ್ರೇಜ್ ಈ ಬರವನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಧಾನ್ಯ ಇದ್ದ ಮಾತ್ರಕ್ಕೆ ಹಸಿವು ನೀಗುವುದಿಲ್ಲ, ಅದನ್ನು ಕೊಳ್ಳುವ ಶಕ್ತಿ ಜನರ ಕೈಯಲ್ಲಿರಬೇಕು ಎಂದು ಅಮರ್ತ್ಯ ಸೇನ್ 1981ರಲ್ಲಿ ಮಂಡಿಸಿದ ವಾದಕ್ಕೆ ಮಹಾರಾಷ್ಟ್ರದ ಈ ಅನುಭವ ಗಟ್ಟಿ ಸಾಕ್ಷಿ. 1996ರಲ್ಲಿ ರೋಮ್ ನಗರದಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆಯೂ ಆಹಾರ ಭದ್ರತೆ ಎಂದರೆ ಎಲ್ಲರಿಗೂ ಎಲ್ಲ ಕಾಲಕ್ಕೂ ಸಾಕಷ್ಟು, ಸುರಕ್ಷಿತ, ಪುಷ್ಟಿಯುಳ್ಳ ಆಹಾರ ಕೈಗೆಟುಕುವುದು ಎಂದೇ ವಿವರಿಸಿತು.

ಸರ್ಕಾರಿ ದಾಸ್ತಾನಿನ ವ್ಯವಸ್ಥೆ ಬೆಳೆದದ್ದೂ ಇಂಥ ಕಹಿ ಅನುಭವಗಳಿಂದ. 1956ರಿಂದ ಭಾರತ ಅಮೆರಿಕದ ಪಿ.ಎಲ್.480 ಕಾಯ್ದೆಯಡಿ ಗೋಧಿ ತರಿಸುತ್ತಿತ್ತು. 1965ರಿಂದ 1967ರವರೆಗಿನ ಬರದ ದಿನಗಳಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಆ ಗೋಧಿಯನ್ನು ಒಮ್ಮೆಗೇ ಬಿಡದೆ, ತಿಂಗಳು ತಿಂಗಳಿಗೆ ಅಳೆದು ಅಳೆದು ಕಳುಹಿಸಿದರು. ಅನ್ನಕ್ಕಾಗಿ ಇನ್ನೊಬ್ಬರ ಮುಂದೆ ಕೈಯೊಡ್ಡಿದರೆ ಎಂಥ ಮಾತು ಕೇಳಬೇಕಾಗುತ್ತದೆ ಎಂಬುದು ದಿಲ್ಲಿಗೆ ಚೆನ್ನಾಗಿ ಅರ್ಥವಾಯಿತು. ಭಾರತೀಯ ಆಹಾರ ನಿಗಮವೂ ಬೆಂಬಲ ಬೆಲೆ ಸೂಚಿಸುವ ಆಯೋಗವೂ ಹುಟ್ಟಿದ್ದು 1965ರಲ್ಲೇ. ರೈತನಿಂದ ಸಾರಿದ ದರಕ್ಕೆ ಕೊಂಡು, ಗೋದಾಮಿನಲ್ಲಿ ಇಟ್ಟು, ರೇಷನ್ ಅಂಗಡಿಯಲ್ಲಿ ಅಗ್ಗಕ್ಕೆ ಹಂಚುವ ಪದ್ಧತಿ ಅಂದಿನಿಂದ ಬೆಳೆಯಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅದನ್ನು ಹಕ್ಕಾಗಿಸಿತು. ಹಳ್ಳಿಗಳ ಶೇ 75, ಪಟ್ಟಣಗಳ ಶೇ 50ರಷ್ಟು ಜನರಿಗೆ ತಲಾ ತಿಂಗಳಿಗೆ 5 ಕಿಲೋ ಧಾನ್ಯ, ಕಡುಬಡವರ ಅಂತ್ಯೋದಯ ಕುಟುಂಬಕ್ಕೆ 35 ಕಿಲೋ. ಒಟ್ಟು ಸುಮಾರು 81 ಕೋಟಿ ಜನರಿಗೆ ಇದು ಅನ್ವಯಿಸುತ್ತದೆ. 2023ರ ಜನವರಿಯಿಂದ ಈ ಧಾನ್ಯ ಪೂರ್ತಿ ಉಚಿತ.

ಹೆಚ್ಚುಕಡಿಮೆ ನಾಲ್ಕು ದಶಕದ ಹಳೆಯ ಬೆಲೆ

ಕೃಷಿ ಒಪ್ಪಂದ ಮೂರು ಸಂಗತಿಗಳನ್ನು ಹಿಡಿತಕ್ಕೆ ತರುತ್ತದೆ: ಆಮದು ಸುಂಕ, ದೇಶದೊಳಗೆ ರೈತರಿಗೆ ಕೊಡುವ ನೆರವು, ರಫ್ತಿಗೆ ಕೊಡುವ ಸಬ್ಸಿಡಿ. ಮೂರನೆಯದನ್ನು 2015ರಲ್ಲಿ ನೈರೋಬಿಯಲ್ಲಿ ಸೇರಿದ ಸಂಸ್ಥೆಯ ಸಚಿವರ ಸಭೆ ಬಹುಮಟ್ಟಿಗೆ ಕೊನೆಗಾಣಿಸಿತು. ಜಗಳ ಉಳಿದಿರುವುದು ಎರಡನೆಯದರ ಬಗ್ಗೆ. ಪೇಟೆಯ ಬೆಲೆಯನ್ನು ಏರುಪೇರು ಮಾಡದ ನೆರವಿಗೆ, ಎಂದರೆ ಸಂಶೋಧನೆ, ತರಬೇತಿ, ಬರ ಪರಿಹಾರದಂಥವಕ್ಕೆ ಮಿತಿಯಿಲ್ಲ. ಬೆಲೆಯನ್ನು ಎತ್ತಿಹಿಡಿಯುವ ನೆರವಿಗೆ ಮಿತಿ ಉಂಟು. ಮುಂದುವರಿದ ದೇಶ ಒಂದು ಬೆಳೆಯ ಒಟ್ಟು ಮೌಲ್ಯದ ಶೇ 5ನ್ನೂ ಹಿಂದುಳಿದ ದೇಶ ಶೇ 10ನ್ನೂ ದಾಟಬಾರದು. ಬಡ ದೇಶಕ್ಕೆ ದುಪ್ಪಟ್ಟು ಸಲುಗೆ ಸಿಕ್ಕಂತೆ ಇದು ಮೇಲುನೋಟಕ್ಕೆ ಕಾಣುತ್ತದೆ. ಆದರೆ 1986-88ರ ಹೊತ್ತಿಗೆ ಭಾರಿ ಸಬ್ಸಿಡಿ ಕೊಡುತ್ತಿದ್ದ ದೇಶಗಳಿಗೆ ಈ ಶೇಕಡಾವಾರಿನ ಮೇಲೆ ಬೇರೆಯೇ ಒಂದು ಪಾಲನ್ನು ಉಳಿಸಿಕೊಟ್ಟರು. ಅಮೆರಿಕಕ್ಕೆ ವರ್ಷಕ್ಕೆ 1,910 ಕೋಟಿ ಡಾಲರ್, ಐರೋಪ್ಯ ಒಕ್ಕೂಟಕ್ಕೆ 7,200 ಕೋಟಿ ಯೂರೋಗೂ ಮಿಗಿಲು. ಅಂದು ಅಷ್ಟು ಕೊಡದಿದ್ದ ಭಾರತಕ್ಕೆ ಆ ಬಾಬ್ತಿನಲ್ಲಿ ಏನೂ ಸಿಗಲಿಲ್ಲ. ಹೆಚ್ಚು ಕೊಡುತ್ತಿದ್ದವರಿಗೆ ಕೊಡುವ ಹಕ್ಕನ್ನು ಉಳಿಸಿ, ಕೊಡದಿದ್ದವರಿಗೆ ಮುಂದೆಯೂ ಕೊಡದಂತೆ ಕಟ್ಟಿಹಾಕಿದ ಈ ಏರ್ಪಾಡು ಒಪ್ಪಂದದ ಮೂಲ ಅನ್ಯಾಯ.

ಬೆಲೆ ನೆರವನ್ನು ಅಳೆಯುವ ರೀತಿಯಲ್ಲಿ ಇನ್ನೊಂದು ಎಡವಟ್ಟಿದೆ. ಬಡವರಿಗಾಗಿ ಸರ್ಕಾರ ಧಾನ್ಯ ಕೂಡಿಡುವುದಕ್ಕೆ ಒಪ್ಪಂದದ ತಕರಾರಿಲ್ಲ. ಆ ಧಾನ್ಯವನ್ನು ಸಾರಿದ ದರಕ್ಕೆ ಕೊಂಡರೆ ಮಾತ್ರ, ಆ ದರಕ್ಕೂ 1986-88ರ ಅಂತರರಾಷ್ಟ್ರೀಯ ಬೆಲೆಗೂ ಇರುವ ಅಂತರವನ್ನು ಸಬ್ಸಿಡಿ ಎಂದು ಲೆಕ್ಕ ಹಿಡಿಯಬೇಕು. ಅಮೆರಿಕವೂ ಯುರೋಪೂ ಪೈಪೋಟಿಗೆ ಬಿದ್ದು ರಫ್ತು ಸಬ್ಸಿಡಿ ಸುರಿದು ಜಗತ್ತಿನ ಬೆಲೆಗಳನ್ನು ನೆಲಕ್ಕೆ ಇಳಿಸಿದ್ದ ವರ್ಷಗಳವು. ಭಾರತದ ಅಕ್ಕಿಯ ಮಟ್ಟಿಗೆ ಆ ಬೆಲೆ ಟನ್ನಿಗೆ ಸುಮಾರು 262 ಡಾಲರ್ ಎಂದು ನಿಗದಿಯಾಗಿದೆ. ಆಗ ಡಾಲರಿಗೆ ಸುಮಾರು 13 ರೂಪಾಯಿ ಇತ್ತು, ಎಂದರೆ ಕ್ವಿಂಟಲ್ ಅಕ್ಕಿಗೆ ಸುಮಾರು 350 ರೂಪಾಯಿ. ಅಲ್ಲಿಂದೀಚೆಗೆ ಡೀಸೆಲ್, ಗೊಬ್ಬರ, ಕೂಲಿ ಎಲ್ಲವೂ ಎಷ್ಟೋ ಪಟ್ಟು ಏರಿವೆ. ಅಳೆಯುವ ಬೆಲೆ ಮಾತ್ರ ಇದ್ದಲ್ಲೇ ಇದೆ.

2018-19ರ ಲೆಕ್ಕ ಹಾಕಿ ನೋಡಿದರೆ ಇದರ ಪರಿಣಾಮ ಸ್ಪಷ್ಟವಾಗುತ್ತದೆ. ಆ ವರ್ಷ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 1,750 ರೂಪಾಯಿ. ಅಕ್ಕಿಯ ಲೆಕ್ಕಕ್ಕೆ ತಂದರೆ ಸುಮಾರು 2,625 ರೂಪಾಯಿ. ಡಾಲರಿಗೆ 70 ರೂಪಾಯಿಯಂತೆ ಟನ್ನಿಗೆ 375 ಡಾಲರ್. ಅದರಲ್ಲಿ 262 ಕಳೆದರೆ ಉಳಿಯುವುದು ಸುಮಾರು 113 ಡಾಲರ್. ಸರ್ಕಾರ ಕೊಂಡ 4.4 ಕೋಟಿ ಟನ್ ಅಕ್ಕಿಗೆ ಅದನ್ನು ಗುಣಿಸಿದರೆ ಸುಮಾರು 500 ಕೋಟಿ ಡಾಲರ್ ಆಗುತ್ತದೆ. ಅಕ್ಕಿ ಬೆಳೆಯ ಒಟ್ಟು ಮೌಲ್ಯ 4,367 ಕೋಟಿ ಡಾಲರ್ ಇದ್ದುದರಿಂದ ನೆರವು ಶೇ 11.46 ಆಗಿ ಶೇ 10ರ ಗೆರೆ ದಾಟಿತು. ಅದೇ ಹೊತ್ತಿಗೆ ಥಾಯ್ಲೆಂಡಿನ ಅಕ್ಕಿ ಜಾಗತಿಕ ಪೇಟೆಯಲ್ಲಿ ಟನ್ನಿಗೆ 400 ಡಾಲರಿಗೂ ಮೇಲಿನ ದರದಲ್ಲಿ ಮಾರಾಟವಾಗುತ್ತಿತ್ತು. ಅಳತೆಗೆ ಆ ವರ್ಷದ ಬೆಲೆಯನ್ನೇ ಹಿಡಿದಿದ್ದರೆ ಭಾರತದ ರೈತನಿಗೆ ಸಬ್ಸಿಡಿ ಸಿಕ್ಕಿದೆ ಎನ್ನಲು ಆಧಾರವೇ ಇರುತ್ತಿರಲಿಲ್ಲ. ಕಾಗದದ ಮೇಲೆ ಮಾತ್ರ ಇರುವ ಈ 500 ಕೋಟಿ ಡಾಲರಿಗಾಗಿ ಭಾರತ ಜಿನೀವಾದಲ್ಲಿ ವಿವರಣೆ ಕೊಡಬೇಕಾಯಿತು.

ಹೀಗಾಗಬಹುದೆಂದು ಹಿಂದುಳಿದ ದೇಶಗಳು ಮೊದಲೇ ಎಚ್ಚೆತ್ತಿದ್ದವು. ಭಾರತ, ಇಂಡೊನೇಷ್ಯಾ ಮೊದಲಾದವು ಸೇರಿದ ಜಿ-33 ಗುಂಪು 2012ರಲ್ಲಿ ಈ ನಿಯಮ ತಿದ್ದಬೇಕೆಂದು ಕೇಳಿತು. 2013ರ ಡಿಸೆಂಬರಿನಲ್ಲಿ ಬಾಲಿ ಸಭೆ ತಾತ್ಕಾಲಿಕ ರಕ್ಷಣೆಯೊಂದನ್ನು ಒಪ್ಪಿತು: ಅಂದು ಚಾಲ್ತಿಯಲ್ಲಿದ್ದ ದಾಸ್ತಾನು ಯೋಜನೆಗಳು ಮಿತಿ ಮೀರಿದರೂ ಯಾರೂ ದಾವೆ ಹೂಡಬಾರದು. ಇದಕ್ಕೆ ಶಾಂತಿ ಕಲಮು ಎಂಬ ಹೆಸರು ಬಿದ್ದಿದೆ. 2014ರ ಜುಲೈನಲ್ಲಿ ಭಾರತ ಸರಕು ಸಾಗಣೆ ಸುಗಮಗೊಳಿಸುವ ಒಪ್ಪಂದಕ್ಕೆ ತಡೆಯೊಡ್ಡಿ ಪಟ್ಟು ಹಿಡಿದ ಮೇಲೆ, ಶಾಶ್ವತ ಪರಿಹಾರ ಸಿಗುವವರೆಗೂ ಈ ರಕ್ಷಣೆ ಮುಂದುವರಿಯುತ್ತದೆ ಎಂದು ಅದೇ ನವೆಂಬರಿನಲ್ಲಿ ಸ್ಪಷ್ಟವಾಯಿತು. 2018-19ರ ಅಕ್ಕಿಗಾಗಿ ಭಾರತ ಇದನ್ನು ಬಳಸಿಕೊಂಡಿತು. ಈ ಕಲಮಿನ ಆಸರೆ ಪಡೆದ ಮೊದಲ ದೇಶವೂ ಭಾರತವೇ. ಶಾಶ್ವತ ಪರಿಹಾರ ಮಾತ್ರ ಇನ್ನೂ ಬಂದಿಲ್ಲ. 2024ರ ಫೆಬ್ರುವರಿ ಕೊನೆಗೆ ಅಬುಧಾಬಿಯಲ್ಲಿ ಸೇರಿದ ಸಚಿವರ ಸಭೆಯೂ ಕೃಷಿಯ ಬಗ್ಗೆ ಒಂದು ಸಾಲಿನ ತೀರ್ಮಾನವಿಲ್ಲದೆ ಚದುರಿತು.

ಭಾರತವನ್ನು ವಿರೋಧಿಸುವವರೆಲ್ಲ ಶ್ರೀಮಂತ ದೇಶಗಳವರೇನೂ ಅಲ್ಲ. ಸರ್ಕಾರ ಬೆಂಬಲ ಬೆಲೆಗೆ ಕೊಂಡ ಅಕ್ಕಿ ಸುತ್ತುಬಳಸಿ ರಫ್ತಾಗಿ ತಮ್ಮ ಪೇಟೆ ಕಸಿಯುತ್ತದೆ ಎಂಬುದು ಥಾಯ್ಲೆಂಡಿನ ದೂರು. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ 40ರಷ್ಟು ಭಾರತದ್ದೇ ಆಗಿರುವಾಗ ಆ ದೂರನ್ನು ಪೂರ್ತಿ ತಳ್ಳಿಹಾಕಲಾಗದು. 2023ರ ಜುಲೈ 20ರಂದು ಭಾರತ ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಒಮ್ಮೆಗೇ ನಿಲ್ಲಿಸಿದಾಗ ಬೆಲೆ ಏರಿದ ಬಿಸಿ ತಾಕಿದ್ದು ಅಕ್ಕಿಯನ್ನೇ ನಂಬಿದ ಆಫ್ರಿಕಾದ ಬಡ ದೇಶಗಳಿಗೆ. ಕೆಮರೂನ್, ಗಿನಿಯಂಥ ದೇಶಗಳು ಸರ್ಕಾರದ ಮಟ್ಟದಲ್ಲಿ ಕೇಳಿಕೊಂಡು ತಮ್ಮ ಪಾಲು ಪಡೆಯಬೇಕಾಯಿತು. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರಿನಲ್ಲಿ. ಆಹಾರ ಭದ್ರತೆಯ ಹೆಸರಲ್ಲಿ ತನಗೆ ಬೇಕಾದ ಸಲುಗೆಯನ್ನು ನ್ಯಾಯವಾಗಿಯೇ ಕೇಳುವ ದೇಶ, ತನ್ನ ಅಕ್ಕಿಯನ್ನು ನಂಬಿದವರ ಹೊಟ್ಟೆಯನ್ನೂ ನೆನೆಯಬೇಕು.

ಲೆಕ್ಕಕ್ಕೆ ಸಿಗದ ಜೋಳ

ಜಿನೀವಾದ ಈ ವಾದವೆಲ್ಲ ಅಕ್ಕಿ ಮತ್ತು ಗೋಧಿಯ ಸುತ್ತ ನಡೆಯುತ್ತದೆ. ಜತ್ತದಲ್ಲಿ ಭತ್ತವಿಲ್ಲ. ಇಲ್ಲಿಯ ಹಿಂಗಾರಿ ಹೊಲದಲ್ಲಿರುವುದು ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದು ಬೆಳೆಸಿದ ಮಾಲ್ದಂಡಿ ಜೋಳ. ಪಕ್ಕದ ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಪ್ರತಿ ವರ್ಷ ದಿಲ್ಲಿ ಜೋಳಕ್ಕೂ ಸಜ್ಜೆಗೂ ಬೆಂಬಲ ಬೆಲೆ ಸಾರುತ್ತದೆ. ದೊಡ್ಡ ಪ್ರಮಾಣದ ಖರೀದಿ ಮಾತ್ರ ನಡೆಯುವುದು ಪಂಜಾಬ, ಹರಿಯಾಣ, ಛತ್ತೀಸಗಡ, ತೆಲಂಗಾಣದ ಗೋಧಿ-ಭತ್ತದ ಬಯಲುಗಳಲ್ಲಿ. ಕೊಳ್ಳುವವರಿಲ್ಲದಾಗ ಸಾರಿದ ದರ ಅಡತಿ ಅಂಗಡಿಯಲ್ಲಿ ನಡೆಯುವುದಿಲ್ಲ. ಸುಗ್ಗಿಯಲ್ಲಿ ಸಾಲ ತೀರಿಸುವ ಅವಸರಕ್ಕೆ ಬಿದ್ದ ರೈತ ವ್ಯಾಪಾರಿ ಹೇಳಿದ ದರಕ್ಕೇ ಚೀಲ ಇಳಿಸುತ್ತಾನೆ. ರೇಷನ್ ಅಂಗಡಿಯಿಂದ ಅದೇ ಮನೆಗೆ ಮರಳಿ ಬರುವುದು ಮುಖ್ಯವಾಗಿ ಅಕ್ಕಿ ಮತ್ತು ಗೋಧಿ. ಮಹಾರಾಷ್ಟ್ರದಲ್ಲಿ ಜೋಳ ಬಿತ್ತುವ ನೆಲ ದಶಕಗಳಿಂದ ಕುಗ್ಗುತ್ತ ಬಂದಿರುವುದಕ್ಕೆ ಇದೂ ಒಂದು ಕಾರಣ. ಭಾರತದ ಒತ್ತಾಸೆಯಿಂದಲೇ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಖರೀದಿಯ ಬೆನ್ನುಬಲವಿಲ್ಲದ ಆಚರಣೆಯಿಂದ ಬೆಳೆಗಾರನಿಗೆ ಬಿಡಿಗಾಸೂ ಹೆಚ್ಚಾಗದು.

ಗಡಿಯಾಚೆಗಿನ ಪಡಿತರವೂ ಜತ್ತದವರ ಕಣ್ಣೆದುರಿಗೇ ಇದೆ. ಕರ್ನಾಟಕದ ಅನ್ನಭಾಗ್ಯ ಯೋಜನೆಯಡಿ 2023ರಲ್ಲಿ ತಲಾ 10 ಕಿಲೋ ಕೊಡುವ ತೀರ್ಮಾನವಾದಾಗ, ಹೆಚ್ಚುವರಿ ಅಕ್ಕಿಯನ್ನು ದುಡ್ಡು ಕೊಟ್ಟು ಆಹಾರ ನಿಗಮದಿಂದಲೇ ಕೊಳ್ಳಲು ರಾಜ್ಯ ಮುಂದಾಯಿತು. ಆ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಅಕ್ಕಿ ಮಾರುವುದನ್ನೇ ನಿಲ್ಲಿಸಿತು. ರಾಜ್ಯ 5 ಕಿಲೋ ಅಕ್ಕಿಯ ಬದಲು ತಲಾ 170 ರೂಪಾಯಿ ಕೊಡುತ್ತ ಬಂದು, 2025ರ ಫೆಬ್ರುವರಿಯಿಂದ ಅಕ್ಕಿಯನ್ನೇ ಕೊಡತೊಡಗಿತು. ಗೋದಾಮಿನಲ್ಲಿ ಅಕ್ಕಿ ಇದ್ದೂ ರಾಜ್ಯವೊಂದಕ್ಕೆ ಸಿಗದೆ ಹೋದದ್ದು ಜಿನೀವಾದ ಅಪ್ಪಣೆಯಿಂದಲ್ಲ. ವ್ಯಾಪಾರ ಒಪ್ಪಂದವನ್ನು ದೂರುವಾಗ ದೇಶದೊಳಗಿನ ಇಂಥ ನಿರ್ಧಾರಗಳನ್ನು ಮರೆಯಬಾರದು.

ಆಮದು ಸುಂಕದ ಕತೆಯಲ್ಲೂ ತಪ್ಪು ಎರಡೂ ಕಡೆ ಇದೆ. ಪ್ರತಿ ಸರಕಿಗೂ ಇದಕ್ಕಿಂತ ಹೆಚ್ಚು ಸುಂಕ ಹಾಕುವುದಿಲ್ಲ ಎಂಬ ಗರಿಷ್ಠ ಮಿತಿಯನ್ನು ಸದಸ್ಯ ದೇಶ ಬರೆದುಕೊಡಬೇಕು. ವಿಶ್ವ ವ್ಯಾಪಾರ ಸಂಸ್ಥೆಗೆ ಮೊದಲಿದ್ದ ಗ್ಯಾಟ್ ಒಪ್ಪಂದದ ಕಾಲದಲ್ಲಿ ಭಾರತ ಅಕ್ಕಿ, ಮೆಕ್ಕೆಜೋಳ, ಜೋಳ, ಸಜ್ಜೆ, ಕೆನೆ ತೆಗೆದ ಹಾಲಿನ ಪುಡಿ ಇವುಗಳಿಗೆ ಆ ಮಿತಿಯನ್ನು ಸೊನ್ನೆ ಎಂದೇ ಒಪ್ಪಿಬಿಟ್ಟಿತ್ತು. ಆಮದನ್ನು ಪ್ರಮಾಣದ ಮೂಲಕವೇ ತಡೆಯುತ್ತಿದ್ದ ಆ ದಿನಗಳಲ್ಲಿ ಸುಂಕದ ಚಿಂತೆ ಯಾರಿಗೂ ಇರಲಿಲ್ಲ. ಅಮೆರಿಕ ಹೂಡಿದ ದಾವೆಯಲ್ಲಿ ಭಾರತ 1999ರಲ್ಲಿ ಸೋತು, 2001ರ ಏಪ್ರಿಲ್ 1ರ ಹೊತ್ತಿಗೆ ಆ ಪ್ರಮಾಣ ನಿರ್ಬಂಧಗಳನ್ನೆಲ್ಲ ತೆಗೆಯಬೇಕಾಯಿತು. ಸೊನ್ನೆ ಸುಂಕವೂ ಹಾಗೇ ಉಳಿದಿದ್ದರೆ ಹೊರನಾಡಿನ ಜೋಳಕ್ಕೆ ಬಂದರಿನಲ್ಲಿ ಯಾವ ತಡೆಯೂ ಇರುತ್ತಿರಲಿಲ್ಲ. 1999ರ ಡಿಸೆಂಬರಿನಲ್ಲಿ ಮರುಮಾತುಕತೆ ಮಾಡಿ, ಬದಲಿಗೆ ಬೇರೆ ಸರಕುಗಳಲ್ಲಿ ರಿಯಾಯಿತಿ ಬಿಟ್ಟುಕೊಟ್ಟು, ಈ ಧಾನ್ಯಗಳ ಮಿತಿಯನ್ನು ಭಾರತ ಏರಿಸಿಕೊಂಡಿತು. ಜತ್ತದ ಜೋಳ ಬೆಳೆಗಾರನ ಮಟ್ಟಿಗೆ ಇದು ದೊಡ್ಡ ಗಂಡಾಂತರ ತಪ್ಪಿದ ಸಂಗತಿ. ಪತ್ರಿಕೆಗಳು ಇದನ್ನು ಅಷ್ಟಾಗಿ ಚರ್ಚಿಸಲೇ ಇಲ್ಲ.

ಎಣ್ಣೆಕಾಳಿನ ವಿಷಯದಲ್ಲಿ ಕಾವಲು ಸಡಿಲಿಸಿದ್ದು ದಿಲ್ಲಿಯೇ. ಈ ಕರಿಮಣ್ಣಿನಲ್ಲಿ ಜೋಳದ ಹೊಲದ ಅಂಚಿಗೆ ಕುಸುಬಿ ಬಿತ್ತುವುದು ರೂಢಿ. ಅದರ ಮುಳ್ಳು ದನವನ್ನು ದೂರ ಇಡುತ್ತದೆ, ಕಾಳು ಗಾಣಕ್ಕೆ ಹೋಗುತ್ತದೆ. 1986ರಲ್ಲಿ ಎಣ್ಣೆಕಾಳು ಅಭಿಯಾನ ಶುರುವಾಗಿ, 1990ರ ದಶಕದ ಮೊದಲ ವರ್ಷಗಳಲ್ಲಿ ದೇಶ ಖಾದ್ಯತೈಲದಲ್ಲಿ ಹೆಚ್ಚುಕಡಿಮೆ ಸ್ವಾವಲಂಬಿಯಾಗಿತ್ತು. 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾಯಿತು. ಆಗ ಶೇ 65 ಇದ್ದ ಸುಂಕ 1998ರ ಹೊತ್ತಿಗೆ ಶೇ 15ರ ಆಸುಪಾಸಿಗೆ ಇಳಿಯಿತು. ತಾಳೆ ಎಣ್ಣೆಗೆ ಭಾರತ ಬರೆದುಕೊಟ್ಟ ಗರಿಷ್ಠ ಮಿತಿ ಶೇ 300. ಸೋಯಾ ಎಣ್ಣೆಗೆ ಮಾತ್ರ ಶೇ 45ರ ಬಿಗಿ ಇದೆ. ಎಂದರೆ ಸುಂಕ ಇಳಿಸಿ ಎಂದು ಯಾವ ನಿಯಮವೂ ಒತ್ತಾಯಿಸಿರಲಿಲ್ಲ. ಪಟ್ಟಣದ ಗ್ರಾಹಕನಿಗೆ ಅಗ್ಗದ ಎಣ್ಣೆ ಒದಗಿಸಲು ಸರ್ಕಾರ ತಾನಾಗಿ ಆರಿಸಿಕೊಂಡ ದಾರಿ ಅದು. ಈಗ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಹೊರಗಿನದು. ಕುಸುಬಿ ಈ ಸೀಮೆಯ ಹೊಲಗಳಿಂದ ಬಹುಪಾಲು ಮರೆಯಾಗಿದೆ.

ತೊಗರಿಯದೂ ಅಂಥದೇ ಪಾಡು. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ಸರ್ಕಾರ ಗಾಬರಿಬಿದ್ದು ಮರುವರ್ಷ ಮೊಜಾಂಬಿಕ್ ಜೊತೆ ಐದು ವರ್ಷದ ಆಮದು ಒಪ್ಪಂದ ಮಾಡಿಕೊಂಡಿತು. ಅದೇ 2016-17ರಲ್ಲಿ ದೇಶದ ರೈತರು ಭರ್ಜರಿ ತೊಗರಿ ಬೆಳೆದರು, ಪೇಟೆಯ ದರ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಕುಸಿಯಿತು. 2017ರ ಆಗಸ್ಟಿನಲ್ಲಿ ಆಮದಿಗೆ 2 ಲಕ್ಷ ಟನ್ನಿನ ಮಿತಿ ಬಿದ್ದಾಗ ಬೆಳೆ ಮಾರಿ ತಿಂಗಳುಗಳೇ ಕಳೆದಿದ್ದವು. 2021ರ ಮೇ ತಿಂಗಳಲ್ಲಿ ಆಮದು ಮತ್ತೆ ಮುಕ್ತವಾಯಿತು, ಆ ಸಲುಗೆ ವರ್ಷ ವರ್ಷ ಮುಂದುವರಿಯಿತು. ಬಿತ್ತುವಾಗ ಇದ್ದ ನಿಯಮ ರಾಶಿ ಮಾಡುವಾಗ ಇರುವುದಿಲ್ಲ. ಸುಂಕದ ಆದೇಶಗಳು ಹೊರಡುವುದು ಗ್ರಾಹಕ ಬೆಲೆ ನೋಡಿ. ಬಿತ್ತನೆಯ ತಿಥಿ ಅವುಗಳಿಗೆ ಗೊತ್ತಿಲ್ಲ.

ಆಮದು ಹಠಾತ್ತನೆ ಉಕ್ಕಿದಾಗ ಗರಿಷ್ಠ ಮಿತಿ ಮೀರಿಯೂ ಸುಂಕ ಏರಿಸುವ ರಕ್ಷಣೆ ಮುಂದುವರಿದ ಎಷ್ಟೋ ದೇಶಗಳಿಗೆ 1995ರಿಂದಲೇ ಇದೆ, ಭಾರತಕ್ಕಿಲ್ಲ. ಹಿಂದುಳಿದ ದೇಶಗಳಿಗೂ ಅದು ಬೇಕೆಂಬ ಬೇಡಿಕೆಯ ಮೇಲೆಯೇ 2008ರ ಜುಲೈನಲ್ಲಿ ಜಿನೀವಾದ ಮಾತುಕತೆ ಮುರಿದುಬಿತ್ತು. ಸಣ್ಣ ರೈತರ ಬದುಕನ್ನು ಚೌಕಾಶಿಗೆ ಇಡಲಾಗದು ಎಂಬ ನಿಲುವು ತಾಳಿ ಅಂದಿನ ವಾಣಿಜ್ಯ ಸಚಿವ ಕಮಲನಾಥ ಜಗ್ಗಲಿಲ್ಲ. ಅಮೆರಿಕವೂ ಬಿಡಲಿಲ್ಲ.

ನೀರು, ದ್ರಾಕ್ಷಿ, ಕಬ್ಬು

ಜತ್ತದಲ್ಲಿ ಆಹಾರದ ಪ್ರಶ್ನೆ ಕೊನೆಗೆ ನೀರಿನ ಬಳಿ ಬಂದು ನಿಲ್ಲುತ್ತದೆ. ಮಿರಜ ತಾಲ್ಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಎತ್ತಿ ಕವಠೆ ಮಹಾಂಕಾಳ, ಜತ್ತ, ಸಾಂಗೋಲೆ, ಮಂಗಳವೇಢೆಯ ಕಡೆ ಹರಿಸುವ ಯೋಜನೆಯಿಂದ ತಾಲ್ಲೂಕಿನ ಪೂರ್ವದ ಕನ್ನಡ ಹಳ್ಳಿಗಳು ಬಹುಕಾಲ ಹೊರಗುಳಿದವು. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದು ಸುಮಾರು 40 ಹಳ್ಳಿಗಳು 2012ರಲ್ಲಿ ಠರಾವು ಮಾಡಿದ್ದವು. 2022ರ ನವೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ಎತ್ತಿ ಆಡಿದ್ದೇ ಎರಡೂ ರಾಜ್ಯಗಳಲ್ಲಿ ಗದ್ದಲವೆದ್ದಿತು. ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿಯ ಹಳ್ಳಗಳಿಗೆ ಹರಿದುಬಂದದ್ದೂ, ವಿಸ್ತಾರಿತ ಮ್ಹೈಸಾಳ ಯೋಜನೆಗೆ ಮಹಾರಾಷ್ಟ್ರ ಸರ್ಕಾರ ಚುರುಕು ಕೊಟ್ಟದ್ದೂ ಆ ಹೊತ್ತಿನಲ್ಲೇ. ಏತ ನೀರಾವರಿಯ ಕರೆಂಟು ದುಬಾರಿ. ಅದರ ಬಿಲ್ಲಿನ ದೊಡ್ಡ ಪಾಲನ್ನು ಸರ್ಕಾರ ಹೊರಬೇಕು. ಕೃಷಿ ಒಪ್ಪಂದದ 6.2ನೆಯ ವಿಧಿ ಇದಕ್ಕೆ ಜಾಗ ಕೊಟ್ಟಿದೆ. ಹಿಂದುಳಿದ ದೇಶದ ಬಡ ರೈತರಿಗೆ ನೀರು, ಗೊಬ್ಬರ, ಬೀಜಕ್ಕಾಗಿ ಕೊಡುವ ನೆರವು ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. ತನ್ನ ರೈತರಲ್ಲಿ ಶೇ 99ಕ್ಕಿಂತ ಹೆಚ್ಚು ಮಂದಿ ಈ ವರ್ಗಕ್ಕೆ ಸೇರಿದವರು ಎಂದು ಭಾರತ ಜಿನೀವಾಕ್ಕೆ ತಿಳಿಸಿದೆ. ಈ ವಿಧಿಯನ್ನು ಮೊಟಕುಗೊಳಿಸಬೇಕೆಂದು ರಫ್ತುದಾರ ದೇಶಗಳು ಆಗಾಗ ಎತ್ತುವ ಮಾತಿಗೆ ಒಪ್ಪಿದರೆ ಒಣಸೀಮೆಗೆ ನೀರು ತರುವ ದಾರಿಯೇ ಇಕ್ಕಟ್ಟಾಗುತ್ತದೆ.

ನೀರು ಬಂದ ಕಡೆ ಹಬ್ಬಿದ ದ್ರಾಕ್ಷಿ ರೈತರನ್ನು ಇನ್ನೊಂದು ಬಗೆಯ ನಿಯಮಕ್ಕೆ ಕಟ್ಟಿತು. ಆಹಾರದ ಸುರಕ್ಷತೆಯ ಹೆಸರಿನಲ್ಲಿ ಆಮದನ್ನು ತಡೆಯುವ ಹಕ್ಕು ಪ್ರತಿ ದೇಶಕ್ಕೂ ಇದೆ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕದ ಅಂಶ ಕಂಡಿತೆಂದು ಯುರೋಪು ಮಹಾರಾಷ್ಟ್ರದ ದ್ರಾಕ್ಷಿಯನ್ನು ತಿರಸ್ಕರಿಸಿತು. ರಫ್ತುದಾರರೂ ಬೆಳೆಗಾರರೂ ದೊಡ್ಡ ನಷ್ಟ ಉಂಡರು. ಆ ಬಳಿಕ ತೋಟದಿಂದ ಪೆಟ್ಟಿಗೆಯವರೆಗಿನ ಜಾಡು ಹಿಡಿಯುವ ಗ್ರೇಪ್‌ನೆಟ್ ವ್ಯವಸ್ಥೆ ಇನ್ನಷ್ಟು ಬಿಗಿಯಾಯಿತು. ಈ ಒಣ ಹವೆಯಲ್ಲಿ ಚೆನ್ನಾಗಿ ಒಣಗುವ ಒಣದ್ರಾಕ್ಷಿಗೆ ತಾಸಗಾವ, ಸಾಂಗ್ಲಿಯ ಪೇಟೆಗಳು ಹೆಸರಾಗಿವೆ. ಅಫ್ಘಾನಿಸ್ತಾನದ ಒಣದ್ರಾಕ್ಷಿ ಸಾರ್ಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದದಡಿ ಸುಂಕವಿಲ್ಲದೆ ಬರುತ್ತದೆ. ಚೀನಾದ ಒಣದ್ರಾಕ್ಷಿಯೂ ಸುಂಕ ತಪ್ಪಿಸಿ ಒಳಬರುತ್ತಿದೆ ಎಂದು 2025ರಲ್ಲಿ ಮಹಾರಾಷ್ಟ್ರದ ಬೆಳೆಗಾರರು ದೂರಿದರು. ನಗದು ಬೆಳೆಯಿಂದ ಕೈಗೆ ದುಡ್ಡು ಬರುತ್ತದೆ, ದುಡ್ಡಿದ್ದರೆ ಅನ್ನ ಸಿಗುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಹೀಗೆ ದೂರದ ಪೇಟೆಯ ಒಂದು ನಿರ್ಧಾರಕ್ಕೆ ತೋಟದ ಸಾಲವೆಲ್ಲ ತಲೆಯ ಮೇಲೆ ಉಳಿಯಬಹುದು.

ಕಬ್ಬಿನ ದಾವೆಯೂ ಜತ್ತವನ್ನು ಬಳಸುದಾರಿಯಲ್ಲಿ ಮುಟ್ಟುತ್ತದೆ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಹೂಡಿದ ದಾವೆಯಲ್ಲಿ ಭಾರತ 2014-15ರಿಂದ 2018-19ರವರೆಗೆ ಐದೂ ಹಂಗಾಮುಗಳಲ್ಲಿ ಕಬ್ಬಿಗೆ ಶೇ 10ರ ಮಿತಿ ಮೀರಿ ನೆರವು ಕೊಟ್ಟಿದೆ ಎಂದು 2021ರ ಡಿಸೆಂಬರಿನಲ್ಲಿ ತೀರ್ಪಾಯಿತು. ಕಬ್ಬಿನ ದರ ಕೊಡುವುದು ಕಾರ್ಖಾನೆ, ಸರ್ಕಾರದ ಬೊಕ್ಕಸವಲ್ಲ ಎಂಬ ವಾದ ನಿಲ್ಲಲಿಲ್ಲ. ಭಾರತ 2022ರ ಜನವರಿಯಲ್ಲಿ ಮೇಲ್ಮನವಿ ಹಾಕಿತು. ಮೇಲ್ಮನವಿ ಪೀಠಕ್ಕೆ ಸದಸ್ಯರ ನೇಮಕವನ್ನು ಅಮೆರಿಕ ತಡೆದ ಕಾರಣ 2019ರ ಡಿಸೆಂಬರಿನಿಂದ ಪೀಠವೇ ಕೆಲಸ ಮಾಡುತ್ತಿಲ್ಲ, ಹಾಗಾಗಿ ಪ್ರಕರಣ ನಡುದಾರಿಯಲ್ಲಿ ನಿಂತಿದೆ. ಕಬ್ಬಿನ ಹೊಲ ಪಶ್ಚಿಮದ ನೀರಾವರಿ ತಾಲ್ಲೂಕುಗಳಲ್ಲಿದೆ. ಕೋಯ್ತಾ ಹಿಡಿದು ಕಡಿಯುವವರಲ್ಲಿ ಜತ್ತದವರೂ ಇದ್ದಾರೆ. ಕಬ್ಬಿನ ದರ ಇಳಿದರೆ ಮೊದಲು ಕಡಿಯುವವರ ಕೂಲಿಯ ಮೇಲೆ ಕಣ್ಣು ಬೀಳುತ್ತದೆ.

ಅಳೆಯುವ ಬೆಲೆಯನ್ನು ಇಂದಿನ ಕಾಲಕ್ಕೆ ತರಬೇಕು, ಬಡವರಿಗಾಗಿ ಕೂಡಿಟ್ಟ ಧಾನ್ಯವನ್ನು ಮಿತಿಯಿಂದ ಹೊರಗಿಡಬೇಕು ಎಂದು ಭಾರತ ಜಿನೀವಾದಲ್ಲಿ ಕೇಳುತ್ತಿರುವುದು ನ್ಯಾಯವಾದ ಬೇಡಿಕೆ, ಅದನ್ನು ಬಿಟ್ಟುಕೊಡಬಾರದು. ಆದರೆ ಮಿತಿ ಮೀರಿದ್ದಾಗಿ ಹೇಳಿ ಶಾಂತಿ ಕಲಮಿನ ಆಸರೆ ಪಡೆದದ್ದು ಅಕ್ಕಿಗೆ ಮಾತ್ರ. ಜೋಳ, ಸಜ್ಜೆಗಳ ಖರೀದಿ ಇಷ್ಟು ಕಡಿಮೆ ಇರುವಾಗ ಅವುಗಳನ್ನು ಕೊಂಡು, ಜೋಳ ತಿನ್ನುವ ಜಿಲ್ಲೆಗಳ ರೇಷನ್ ಅಂಗಡಿಗೆ ಅಲ್ಲಿಯ ಕಾಳನ್ನೇ ಕಳುಹಿಸಲು ಜಿನೀವಾದ ತೀರ್ಪಿಗೆ ಕಾಯಬೇಕಾಗಿಲ್ಲ. 2025-26ಕ್ಕೆ ಮಾಲ್ದಂಡಿ ಜೋಳಕ್ಕೆ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ಸುಗ್ಗಿಗೆ ಮೊದಲೇ ಜತ್ತ, ಉಮದಿ, ಸಂಖದಂಥ ಕಡೆ ಖರೀದಿ ಕೇಂದ್ರ ತೆರೆದು ಆ ದರ ರೈತನ ಕೈ ಸೇರುವಂತೆ ಮಾಡುವುದು ಮುಂಬೈ ಮತ್ತು ದಿಲ್ಲಿಯ ಸರ್ಕಾರಗಳ ಹೊಣೆ.